ಚರ್ಮದ ಮೇಲೆ ಅಚ್ಚು ನಿಲ್ತಾ ಇಲ್ಲ, ಏನು ಮಾಡೋದು?

ಬೀದರ್‌ಹುಡುಗ: ಚರ್ಮದ ಮೇಲೆ ಚಿತ್ತಾರ ಮೂಡಿಸೋದು ಈಗಷ್ಟೇ ಶುರು ಮಾಡಿದ್ದೇನೆ. ಬಿದ್ರಿ ಹೂಜಿಯ ಮೇಲಿನ ಹೂಬಳ್ಳಿಯನ್ನೇ ಪರ್ಸಿಗೆ ಇಳಿಸೋಣ ಅಂತ ಆಸೆ. ಬ್ಯಾಗ್ ಹೊಲಿಯುವವರ ಹತ್ತಿರ ಸಿಕ್ಕ ತುಂಡು ಚರ್ಮ, ಮೆತ್ತಗಿದೆ, ಕತ್ತರಿಸಿದ ಅಂಚು ನೀಲಿ. ಎಷ್ಟು ಬಡಿದರೂ ಗುರುತು ಮಾಯ. ಸುತ್ತಿಗೆಯ ಭಾರ ಸಾಲದಾ?

ತೊಗಲುಗಾರ: ಸುತ್ತಿಗೆ ಬಿಡಿ. ಅಂಚು ನೀಲಿ ಇದ್ದರೆ ಅದು ಕ್ರೋಮ್ ಅನ್ನೋ ರಾಸಾಯನಿಕದಲ್ಲಿ ಹದ ಮಾಡಿದ್ದು, ಅಚ್ಚು ಸರಿಯಾಗಿ ಹಿಡಿಯಲ್ಲ. ತಂಗಡಿ ತೊಗಟೆಯಂಥದ್ದರಲ್ಲಿ ಹದ ಮಾಡಿದ ಚರ್ಮ ಬೇಕು, ಅಂಗಡಿಯಲ್ಲಿ ವೆಜ್ ಟ್ಯಾನ್ ಅಂತ ಕೇಳಿ. ಬಣ್ಣ, ಪಾಲಿಶ್ ಹಚ್ಚಿದ್ದು ಬೇಡ.

ಕಲಬುರಗಿ_ಅಕ್ಕ: ಚರ್ಮ ಸಿಕ್ಕ ಮೇಲೂ ನೀರಿನ ಹದವೇ ಮುಖ್ಯ. ಸ್ಪಂಜಿನಿಂದ ಒದ್ದೆ ಮಾಡಿ ಬಿಡಿ, ಬಣ್ಣ ಮತ್ತೆ ಮೊದಲಿನಂತೆ ತಿಳಿಯಾಗುತ್ತಾ ಬಂದು, ಕೆನ್ನೆಗೆ ಇಟ್ಟರೆ ಇನ್ನೂ ತಣ್ಣಗಿರುತ್ತಲ್ಲ, ಆಗ ಬಡಿಯಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಅರ್ಧ ಹೂವಿಗೇ ಒಣಗುತ್ತೆ! ಕೆಲಸ ಮಾಡದ ಭಾಗಕ್ಕೆ ಪ್ಲಾಸ್ಟಿಕ್ ಮುಚ್ಚಿ. ಅಡಿಗೆ ದಪ್ಪ ಶಹಾಬಾದ್ ಕಲ್ಲು, ಕೈಯಲ್ಲಿ ಮರದ ಕೊಡತಿ. ಮೊದಲು ಗೆರೆ ಕೊಯ್ದು, ಆಮೇಲೆ ಗೆರೆಯ ಒಂದು ಬದಿ ಮಾತ್ರ ತಗ್ಗಿಸಿ, ಹೂವು ಎದ್ದು ಕಾಣುತ್ತೆ.

ಬೀದರ್‌ಹುಡುಗ: ಕಲ್ಲು ಮನೆ ಹಿಂದೆಯೇ ಬಿದ್ದಿದೆ. ಕೊಯ್ಯೋದು ಎಷ್ಟು ಆಳ?

ತೊಗಲುಗಾರ: ದಪ್ಪದ ಅರ್ಧ ದಾಟಬೇಡಿ. ಮೊದಲು ಚೂರುಗಳ ಮೇಲೆ ಕೈ ಪಳಗಿಸಿ, ಪರ್ಸು ಎಲ್ಲಿಗೂ ಓಡಲ್ಲ.