ಟ್ರ್ಯಾಕರ್‌ನಾಗೆ ಟೆಂಪೋ ಏರಿಸಿದ್ರೆ ಒಂದು ಸೆಕೆಂಡು ತಡ ಬರ್ತತಿ, ಯಾಕೆ?

ಡೊಳ್ಳಿನ ಹುಡುಗ, ದಾವಣಗೆರೆ

ನಮಸ್ಕಾರ. ನಮ್ಮ ಕಾಲೇಜಿನ ಡೊಳ್ಳು ಕುಣಿತದ ತಂಡಕ್ಕೆ ಟ್ರ್ಯಾಕ್ ಮಾಡಾಕತ್ತೀನಿ. ಡೊಳ್ಳು, ತಾಳ, ಕಹಳೆ ಎಲ್ಲಾ ನಾವೇ ರೆಕಾರ್ಡ್ ಮಾಡಿದ್ದು. ಓಪನ್‌ಎಂಪಿಟಿ ಅನ್ನೋ ಟ್ರ್ಯಾಕರ್ (ಸಾಲುಸಾಲಾಗಿ ಕಮ್ಯಾಂಡ್ ಬರೆದು ಸಂಗೀತ ಮಾಡೋ ಸಾಫ್ಟ್‌ವೇರ್), ನಾಲ್ಕು ಚಾನೆಲ್ಲಿನ ಮಾಡ್ ಫೈಲು, ಸ್ಪೀಡು 6, ಅಂದ್ರೆ ಒಂದು ಸಾಲಿಗೆ ಆರು ಟಿಕ್ಕು. ನಿಧಾನಕ್ಕೆ ಶುರುವಾಗಿ ಜೋರು ಆಗ್ಬೇಕಲ್ಲ, ಅದಕ್ಕೆ ಟೆಂಪೋ ನಿಮಿಷಕ್ಕೆ 80 ಬೀಟಿನಿಂದ 144ಕ್ಕೆ ಏರಿಸೀನಿ. 256 ಸಾಲು, ಅಂದ್ರೆ 64 ಬೀಟು. ಬೀಟಿಗೊಂದು ಟೆಂಪೋ ಬದಲಿಸೋ ಎಫ್ ಕಮ್ಯಾಂಡ್: ಎಫ್50, ಎಫ್51, ಎಫ್52, ಹಿಂಗೆ ಎಫ್8ಎಫ್ ತನಕ, ಆಮೇಲೆ ಎಫ್90.

144 ಹಿಡಿಯೋ ಹೊತ್ತಿಗೆ ಹಿಂದಿನ ಎಲ್‌ಇಡಿ ಪರದೆ ಮ್ಯಾಲೆ ಕೋಟೆ ಬಾಗಿಲು ತೆಗೀಬೇಕು. 80ಕ್ಕೂ 144ಕ್ಕೂ ನಡುವೆ 112, ಅದರ ಲೆಕ್ಕದಾಗೆ 64 ಬೀಟಿಗೆ 34.29 ಸೆಕೆಂಡು ಅಂತ ವಿಡಿಯೋ ಮಾಡೋನಿಗೆ ಹೇಳೀನಿ. ಹಚ್ಚಿ ನೋಡಿದ್ರೆ 35.4! ಬಾಗಿಲು ತೆಗೆದು ಸೆಕೆಂಡಾದ ಮ್ಯಾಲೆ ಡೊಳ್ಳು ಜೋರಾಗ್ತತಿ. ವಿಡಿಯೋ ಮತ್ತೆ ರೆಂಡರ್ ಮಾಡಲ್ಲ ಅಂತ ಅವ ಕುಂತಾನೆ. ಮಾಡ್ ಫೈಲಿನಾಗೆ ಟೆಂಪೋ ಒಂದು ಟಿಕ್ಕು ತಡವಾಗಿ ಹಿಡೀತತಿ ಅಂತಾರಲ್ಲ, ಅದೇನಾ ಇದು? ಫೈಲನ್ನ ಎಕ್ಸ್‌ಎಂ ಅನ್ನೋ ಬ್ಯಾರೆ ನಮೂನೆಗೆ ಬದಲಿಸ್ಲಾ?

ಪಿಜೆ ಬಡಾವಣೆ

ಎಫ್ ಮುಂದಿನ ಅಂಕಿ ಹೆಕ್ಸಾ (ಹತ್ತರ ಬದಲು ಹದಿನಾರರ ಲೆಕ್ಕ), ನೆನಪೈತಲ್ಲ? 80 ಬೇಕು ಅಂತ ಎಫ್80 ಹಾಕಿದ್ರೆ 128 ಆಗ್ತತಿ. ಎಫ್20ಕ್ಕಿಂತ ಕೆಳಗಿದ್ರೆ ಟೆಂಪೋ ಅಲ್ಲ, ಸ್ಪೀಡು.

ಡೊಳ್ಳಿನ ಹುಡುಗ

ಹೆಕ್ಸಾನೇ ರೀ. ಎಫ್50 ಅಂದ್ರೆ 80 ಅಲ್ವಾ.

ಜೋಗಿಮಟ್ಟಿ, ಚಿತ್ರದುರ್ಗ

ತಮ್ಮಾ, ಆ ಟಿಕ್ಕಿನ ಮಾತು ನಿಜ, ಆದ್ರೆ ಕಳ್ಳ ಅದಲ್ಲ. ಮಾಡ್ ಫೈಲಿನ ಹಳೇ ಸಾಫ್ಟ್‌ವೇರ್ ಪ್ರೋಟ್ರ್ಯಾಕರ್, ಅಮಿಗಾ ಕಂಪ್ಯೂಟರಿನ ಸಿಐಎ ಅನ್ನೋ ಚಿಪ್ಪಿನ ಟೈಮರ್ ನಂಬ್ಕೊಂಡು ಓಡೋದು. ಹೊಸ ಅಂಕಿ ಬರೆದ್ರೂ, ನಡೀತಿರೋ ಎಣಿಕೆ ಮುಗಿಯೋ ತನಕ ಅದು ಕೇಳಲ್ಲ. ಹಂಗಾಗಿ ಮೊದಲ ಟಿಕ್ಕು ಹಳೇ ಟೆಂಪೋದಲ್ಲೇ ಹೋಗ್ತದೆ. ಅದನ್ನೇ ಅನುಕರಿಸೋ ಪ್ಲೇಯರುಗಳಲ್ಲೂ ಅಷ್ಟೇ. ಒಂದು ಟಿಕ್ಕು ಅಂದ್ರೆ 2.5 ಭಾಗಿಸು ಟೆಂಪೋ, ಅಷ್ಟು ಸೆಕೆಂಡು. 125ಕ್ಕೆ 20 ಮಿಲಿಸೆಕೆಂಡು. ನೀನು ಒಂದೊಂದೇ ಅಂಕಿ ಏರಿಸ್ತಿರೋದ್ರಿಂದ, 80ರಿಂದ 143ರ ತನಕ ಆ ತಡ ಎಲ್ಲಾ ಕೂಡಿದ್ರೂ 14 ಮಿಲಿಸೆಕೆಂಡು ದಾಟಲ್ಲ. ಎಕ್ಸ್‌ಎಂ ಮಾಡಿದ್ರೆ ಉಳಿಯೋದು ಅಷ್ಟೇ. ಡೊಳ್ಳು ಹೊಡೆಯೋನ ಕೈಯೇ ಅದಕ್ಕಿಂತ ಹೆಚ್ಚು ಆಚೀಚೆ ಆಗ್ತದೆ, ಬಿಡು.

ತಪ್ಪಿರೋದು 112ರಲ್ಲಿ. ದುರ್ಗದಿಂದ ದಾವಣಗೆರೆಗೆ ಅರ್ಧ ದಾರಿ 40ರಲ್ಲಿ, ಇನ್ನರ್ಧ 80ರಲ್ಲಿ ಹೋದ್ರೆ ಸರಾಸರಿ 60 ಬರಲ್ಲ, 53 ಚಿಲ್ಲರೆ. ನಿಧಾನದ ದಾರೀಲೇ ಹೆಚ್ಚು ಹೊತ್ತು ಇರ್ತೀಯ. ಇಲ್ಲೂ 80ರ ಬೀಟು 750 ಮಿಲಿಸೆಕೆಂಡು ತಿಂದ್ರೆ 143ರದ್ದು 420. ಸ್ಪ್ರೆಡ್‌ಶೀಟ್‌ನಲ್ಲಿ 60/80, 60/81 ಅಂತ 60/143ರ ತನಕ ಕೂಡು, 35.43 ಬರ್ತದೆ. ಸಾಫ್ಟ್‌ವೇರ್ ಸರಿಯಾಗೇ ನುಡಿಸ್ತೈತೆ.

ವಿಡಿಯೋದವನ್ನ ಕಾಡಬೇಡ. ಟೆಂಪೋ ಬೀಟಿಗೆ ಸಮವಾಗಿ ಏರೋ ಬದಲು ಸಮಯಕ್ಕೆ ಸಮವಾಗಿ ಏರಲಿ, ಆಗ 112ರ ಲೆಕ್ಕ ತಾನೇ ಸರಿಹೋಗ್ತದೆ. ಬೀಟಿನ ಅಂಕಿನ 224ರಿಂದ ಗುಣಿಸಿ, 6400 ಕೂಡಿ, ವರ್ಗಮೂಲ ತೆಗಿ. 6400 ಅಂದ್ರೆ 80ರ ವರ್ಗ. 144ರ ವರ್ಗದಲ್ಲಿ ಅದನ್ನ ಕಳೆದು 64ರಿಂದ ಭಾಗಿಸಿದ್ರೆ 224. ಬೀಟನ್ನ 0.5, 1.5 ಅಂತ ನಡುವಿಂದ ಎಣಿಸು. ಹದಿನಾರು ಬೀಟು ಮುಗಿಯೋ ಹೊತ್ತಿಗೆ 100, ಅಂದ್ರೆ ಎಫ್64. ಮೂವತ್ತೆರಡಕ್ಕೆ 116, ಎಫ್74. ನಲವತ್ತೆಂಟಕ್ಕೆ 131, ಎಫ್83. ಶುರುವಿನಲ್ಲಿ ಕೆಲವು ಕಡೆ ಎರಡೆರಡು ಅಂಕಿ ಹಾರ್ತದೆ, ಕೊನೆಕೊನೆಗೆ ಒಂದೇ ಅಂಕಿ ಎರಡು ಬೀಟಿಗೂ ಬರ್ತದೆ. ಗಾಬರಿಯಾಗಬೇಡ.

ಡೊಳ್ಳಿನ ಹುಡುಗ

ಅಣ್ಣಾ, 34.3! ಬಾಗಿಲು, ಡೊಳ್ಳು ಎರಡೂ ಒಟ್ಟಿಗೆ ಬಂದ್ವು. ಮೊದಲಿನ ಏರಿಕೆ ಜಪ್ಪಿಸಿದಂಗೆ ಆಗ್ತತಿ ಅಂದ್ಕಂಡಿದ್ದೆ, ಕುಣಿಯೋರಿಗೆ ಗೊತ್ತೇ ಆಗ್ಲಿಲ್ಲ. ಆದ್ರೆ ತಾಳದ ಲೂಪು ಮಾತ್ರ ತನ್ನ ಪಾಡಿಗೆ ತಾನು ಹೋಗ್ತತಿ.

ಪಿಜೆ ಬಡಾವಣೆ

ಲೂಪಿಗೆ ಟೆಂಪೋ ತಿಳಿಯಲ್ಲ, ಅದು ರೆಕಾರ್ಡ್ ಮಾಡಿದ ವೇಗದಾಗೇ ಓಡೋದು. ಒಂದೊಂದು ಪೆಟ್ಟು ಕತ್ತರಿಸಿ ಬ್ಯಾರೆ ಬ್ಯಾರೆ ಸ್ಯಾಂಪಲ್ ಮಾಡು. ಕತ್ತರಿಸೋಕೆ ಬ್ಯಾಸರ ಅಂದ್ರೆ ಅದೇ ಲೂಪನ್ನ ಪ್ರತಿ ಬೀಟಿಗೂ 9ರ ಕಮ್ಯಾಂಡ್ (ಧ್ವನಿನ ನಡುವಿಂದ ಶುರು ಮಾಡೋದು) ಹಾಕಿ ಮತ್ತೆ ಹೊಡಿ. ಅಂಕಿ ಒಂದು ಹೆಚ್ಚಿಸಿದ್ರೆ ಲೂಪಿನೊಳಗೆ 256 ಸ್ಯಾಂಪಲ್ (ಇಲ್ಲಿ ಧ್ವನಿಯ ಒಂದೊಂದು ಚುಕ್ಕಿ) ಮುಂದಕ್ಕೆ ಹೋಗ್ತತಿ. ಪೆಟ್ಟಿನ ಶುರು ಆ 256ರ ಗೆರೆ ಮ್ಯಾಲೇ ಕುಂತಿರಂಗೆ ಮೊದಲು ನೋಡ್ಕಾ, ಇಲ್ಲಾಂದ್ರೆ ಟಕ್ ಅಂತ ಕೇಳ್ತತಿ.