ಸಹಾಯ ಬೇಕು: ಏಜಾಕ್ಸ್‌ನ ಚಿತ್ರವಿರುವ ಎರಡು ಗ್ರೀಕ್ ಹೂಜಿಗಳ ಫೋಟೊ

ಎಲ್ಲರಿಗೂ ನಮಸ್ಕಾರ. ಟ್ರಾಯ್ ಯುದ್ಧದ ವೀರ ಏಜಾಕ್ಸ್‌ನ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗೆ ಚಿತ್ರಸಹಿತ ಉಪನ್ಯಾಸವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದಕ್ಕೆ ಅಥೆನ್ಸ್‌ನ ಎಕ್ಸೀಕಿಯಸ್ ಕ್ರಿ.ಪೂ. 540ರ ಆಸುಪಾಸಿನಲ್ಲಿ ಚಿತ್ರಿಸಿದ ಎರಡು ಮಣ್ಣಿನ ಹೂಜಿಗಳ ಒಳ್ಳೆಯ ಫೋಟೊಗಳು ಬೇಕು.

ಒಂದು ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ಅದೇ ಯುದ್ಧದ ಇನ್ನೊಬ್ಬ ಗ್ರೀಕ್ ವೀರ ಅಕಿಲೀಸ್ ಮತ್ತು ಏಜಾಕ್ಸ್ ಈಟಿಗಳನ್ನು ಕೈಬಿಡದೆ ಎದುರುಬದುರು ಕುಳಿತು ಪಗಡೆಯಂಥ ಆಟವಾಡುತ್ತಿದ್ದಾರೆ. ಅಕಿಲೀಸನ ಬಾಯಿಂದ ‘ನಾಲ್ಕು’, ಏಜಾಕ್ಸನ ಬಾಯಿಂದ ‘ಮೂರು’ ಎಂಬ ಗ್ರೀಕ್ ಅಕ್ಷರಗಳು ಹೊರಟಿವೆ. ಅವು ಸ್ಪಷ್ಟವಾಗಿ ಓದಲು ಬರುವಂತಿರಬೇಕು.

ನನಗೆ ಹೆಚ್ಚು ಮುಖ್ಯವಾದದ್ದು ಎರಡನೆಯದು. ಅದು ಫ್ರಾನ್ಸಿನ ಬುಲೋನ್-ಸುರ್-ಮೇರ್ ಪಟ್ಟಣದಲ್ಲಿದೆ. ಅಕಿಲೀಸ್ ಸತ್ತ ಮೇಲೆ ಅವನ ಕವಚ, ಆಯುಧಗಳು ಏಜಾಕ್ಸನಿಗೆ ಸಿಗದೆ ಮತ್ತೊಬ್ಬ ಗ್ರೀಕ್ ವೀರ ಒಡಿಸ್ಯೂಸನ ಪಾಲಾಗುತ್ತವೆ. ಆ ಅವಮಾನ ತಾಳಲಾರದೆ ಏಜಾಕ್ಸ್ ತನ್ನ ಕತ್ತಿಯ ಮೇಲೆ ಬಿದ್ದು ಪ್ರಾಣ ಬಿಡುತ್ತಾನೆ. ಎಕ್ಸೀಕಿಯಸ್ ಸಾವನ್ನು ತೋರಿಸುವುದಿಲ್ಲ, ಅದರ ತಯಾರಿಯನ್ನು ತೋರಿಸುತ್ತಾನೆ. ಏಜಾಕ್ಸ್ ಒಬ್ಬನೇ ಬಾಗಿ ಕುಳಿತು, ಕತ್ತಿಯನ್ನು ಮೊನೆ ಮೇಲಾಗಿ ನೆಲದಲ್ಲಿ ನೆಟ್ಟು, ಬುಡಕ್ಕೆ ಮಣ್ಣು ಒತ್ತುತ್ತಿದ್ದಾನೆ. ಹಣೆಯ ಮೇಲೆ ಗೀರಿದ ಸುಕ್ಕುಗಳಿವೆ. ಅಂತರ್ಜಾಲದಲ್ಲಿ ನನಗೆ ಸಿಕ್ಕ ಚಿತ್ರಗಳಲ್ಲಿ ಆ ಸುಕ್ಕುಗಳೇ ಕಾಣುವುದಿಲ್ಲ! ಮಕ್ಕಳು ನೋಡಲೇಬೇಕಾದದ್ದು ಅದು.

ಇಟಲಿ, ಫ್ರಾನ್ಸ್‌ಗಳಲ್ಲಿರುವ ಅಥವಾ ಅಲ್ಲಿಗೆ ಪ್ರವಾಸ ಹೋಗಿಬಂದ ಕನ್ನಡಿಗರು ತಾವೇ ತೆಗೆದ ಫೋಟೊಗಳಿದ್ದರೆ ದಯವಿಟ್ಟು ಇಲ್ಲಿ ಹಾಕಿ. ಮೊಬೈಲ್‌ನಲ್ಲಿ ತೆಗೆದದ್ದಾದರೂ ಸರಿ, ಮುಖ ಹತ್ತಿರದಿಂದ ಕಂಡರೆ ಸಾಕು.

ಇನ್ನೊಂದು ಕೋರಿಕೆ. ಏಜಾಕ್ಸನ ಬಗ್ಗೆ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲೀಸ್ ಬರೆದ ನಾಟಕವನ್ನು ಆಧರಿಸಿಯೇ ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ರಚಿಸಿದರು. ಅದರ ರಂಗಪ್ರಯೋಗದ ಹಳೆಯ ಚಿತ್ರಗಳು ಯಾರ ಬಳಿಯಾದರೂ ಇದ್ದರೆ ತಿಳಿಸಿ.