ಪೈಥಾನ್‌ನಲ್ಲಿ ವಿಕಟಕವಿ ಪ್ಯಾಲಿಂಡ್ರೋಮ್ ಅಲ್ಲ ಅಂತ ಬರ್ತಿದೆ, ಯಾಕೆ?

ಅರೆಬೆಂದ ಕೋಡರ್:

ಪೈಥಾನ್ ಈಗಷ್ಟೇ ಕಲಿಯುತ್ತಿದ್ದೇನೆ. ಸ್ಟ್ರಿಂಗ್ ಪಾಠದ ಕೊನೆಗೆ ಒಂದು ಅಭ್ಯಾಸ ಇದೆ: ಪದ ಕೊಟ್ಟರೆ ಅದು ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ ಹೇಳಬೇಕು, ಅಂದರೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಇರಬೇಕು. ನಾನು ಬರೆದದ್ದು ಒಂದೇ ಸಾಲು ([::-1] ಅಂದರೆ ಹಿಂದುಮುಂದಾಗಿ ತಿರುಗಿಸಿದ ರೂಪ):

ಪದ == ಪದ[::-1]

(ಹೌದು, ವೇರಿಯಬಲ್ ಹೆಸರು ಕನ್ನಡದಲ್ಲೇ ಇದೆ. ಪೈಥಾನ್ 3 ತಕರಾರಿಲ್ಲದೆ ಒಪ್ಪಿಕೊಳ್ಳುತ್ತೆ.)

ಇಂಗ್ಲಿಷ್ ಪದಗಳಿಗೆ ಏನೂ ತೊಂದರೆ ಇಲ್ಲ. ಕನ್ನಡದಲ್ಲಿ ಕನಕ, ನಯನ ಕೊಟ್ಟರೂ ಟ್ರೂ ಬರುತ್ತೆ. ಆದರೆ ವಿಕಟಕವಿ ಕೊಟ್ಟರೆ ಫಾಲ್ಸ್! ಕುಬೇರನಿಗೇನಿರಬೇಕು ಕೊಟ್ಟರೂ ಫಾಲ್ಸ್. ಹೋಗಲಿ ಅಂತ ಮೂರೇ ಅಕ್ಷರದ ಸಮಾಸ ಕೊಟ್ಟೆ, ಅದಕ್ಕೂ ಫಾಲ್ಸ್. ಉದ್ದ ಎಣಿಸುವ ಲೆನ್ ಹಾಕಿ ನೋಡಿದರೆ ವಿಕಟಕವಿಗೆ 7 ಅನ್ನುತ್ತೆ. 5 ಅಲ್ವಾ? ಇದು ಫಾಂಟ್ ಸಮಸ್ಯೆಯಾ, ಎಡಿಟರ್ ಸಮಸ್ಯೆಯಾ?

ಲೂಪಿನಲ್ಲಿ ಸಿಕ್ಕವ:

ತಿರುಗಿಸುವ ಮುಂಚೆ ಈಸ್‌ಆಲ್ಫಾ ಹಾಕಿ ಬರೀ ಅಕ್ಷರಗಳನ್ನು ಉಳಿಸಿಕೊಳ್ಳಿ. ನನಗೆ ಟ್ರೂ ಬಂತು.

ಕೋಲನ್ ಮರೆತವಳು:

ದಯವಿಟ್ಟು ಹಾಗೆ ಮಾಡಬೇಡಿ. ಟ್ರೂ ಬರುತ್ತೆ ನಿಜ, ಬರಬಾರದ ಕಡೆಯೂ ಬರುತ್ತೆ. ಈಸ್‌ಆಲ್ಫಾ ಲೆಕ್ಕದಲ್ಲಿ ಗುಣಿತದ ಚಿಹ್ನೆಗಳು ಅಕ್ಷರವೇ ಅಲ್ಲ, ಹಾಗಾಗಿ ಗುಡಿಸು, ಕೊಂಬು, ಎತ್ವ ಎಲ್ಲವೂ ಕಿತ್ತುಹೋಗಿ ವಿಕಟಕವಿ ಬರೀ ವಕಟಕವ ಆಗುತ್ತೆ. 'ನಾನು' ಅಂತ ಕೊಟ್ಟು ನೋಡಿ. ಟ್ರೂ. 'ನೀನು' ಕೊಡಿ, ಅದೂ ಟ್ರೂ. ಎರಡೂ ಒಳಗೆ 'ನನ' ಆಗಿರುತ್ತವೆ, ಅಷ್ಟೇ.

ಈಗ ಮೂಲ ಪ್ರಶ್ನೆ. ಫಾಂಟೂ ಅಲ್ಲ, ಎಡಿಟರೂ ಅಲ್ಲ. ಪೈಥಾನ್ 3ರ ಸ್ಟ್ರಿಂಗ್ ಅಂದರೆ ಯೂನಿಕೋಡ್ ಕೋಡ್ ಪಾಯಿಂಟ್‌ಗಳ ಸಾಲು, ಅಂದರೆ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಯೂನಿಕೋಡ್ ಕೊಟ್ಟಿರುವ ಸಂಖ್ಯೆಗಳ ಸಾಲು. ನಮ್ಮ ಕಣ್ಣಿಗೆ 'ವಿ' ಒಂದೇ ಅಕ್ಷರ. ಅಲ್ಲಿ ವ ಒಂದು, ಅದರ ಬೆನ್ನಿಗೇ ಗುಡಿಸು ಇನ್ನೊಂದು:

ವ, ◌ಿ, ಕ, ಟ, ಕ, ವ, ◌ಿ

7 ಆಯ್ತಲ್ವಾ. ಇದನ್ನು ತಿರುಗಿಸಿದರೆ:

◌ಿ, ವ, ಕ, ಟ, ಕ, ◌ಿ, ವ

ಕೊನೆಯಲ್ಲಿದ್ದ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಅನಾಥವಾಗಿ ನಿಂತಿದೆ. ಮೊದಲ ವಿ ಅಕ್ಷರದ ಗುಡಿಸು ಪಕ್ಕದ ಕ ಹಿಡಿದುಕೊಂಡು ಅದನ್ನು ಕಿ ಮಾಡಿದೆ. ಕನಕ, ನಯನಗಳಲ್ಲಿ ಚಿಹ್ನೆಯೇ ಇಲ್ಲ, ಅದಕ್ಕೆ ಬಚಾವ್. ಇನ್ನೂ ಮಜಾ ಅಂದರೆ 'ಕನ್ನಡ' ತಿರುಗಿಸಿದರೆ ಸರಿಯಾಗಿ 'ಡನ್ನಕ' ಅಂತಲೇ ಬರುತ್ತೆ, ಯಾಕಂದರೆ ಒತ್ತಿನ ಆಚೆಗೂ ನ, ಈಚೆಗೂ ನ. 'ಪುಸ್ತಕ' ತಿರುಗಿಸಿ: 'ಕಸ್ತಪು' ಬರಬೇಕಿತ್ತು, ಬರುವುದು 'ಕತ್ಸುಪ'. ಹಾಗಾಗಿ ಟೆಸ್ಟ್ ಮಾಡುವಾಗ ಸುಲಭದ ಪದ ಆರಿಸಿಕೊಂಡರೆ ಬಗ್ ಕಾಣುವುದೇ ಇಲ್ಲ.

ಪೈಥಾನ್ ಬೈಯಬೇಡಿ. ಜಾವಾ, ಜಾವಾಸ್ಕ್ರಿಪ್ಟ್‌ನಲ್ಲೂ ಇದೇ 7. ಕೋಡ್ ಪಾಯಿಂಟ್ ಅನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ 3 ಬೈಟ್, ಅಂದರೆ ಬೈಟ್ ಎಣಿಸುವ ಭಾಷೆಗಳಲ್ಲಿ 21.

ಪರಿಹಾರ: ಮೊದಲು ಪದವನ್ನು ಅಕ್ಷರಗಳಾಗಿ ಒಡೆಯಿರಿ, ಆಮೇಲೆ ತಿರುಗಿಸಿ. 'ತುಣುಕುಗಳು' ಅಂತ ಖಾಲಿ ಲಿಸ್ಟ್ ಇಟ್ಟುಕೊಳ್ಳಿ. ಫಾರ್ ಲೂಪ್‌ನಲ್ಲಿ ಒಂದೊಂದೇ ಕೋಡ್ ಪಾಯಿಂಟ್ ತೆಗೆದುಕೊಂಡು (ಅದನ್ನು 'ಬಿಡಿ' ಅಂತ ಕರೆಯೋಣ) ಎರಡೇ ಪ್ರಶ್ನೆ ಕೇಳಿ. ಇದು ಗುಣಿತ, ಅನುಸ್ವಾರ, ವಿಸರ್ಗ, ಹಲಂತದಂಥ ಚಿಹ್ನೆಯಾ? ಹಿಂದಿನ ತುಣುಕು ಹಲಂತದಲ್ಲಿ, ಅಂದರೆ ◌್ ಚಿಹ್ನೆಯಲ್ಲಿ ಮುಗಿದಿದೆಯಾ? ಯಾವುದಾದರೂ ಒಂದಕ್ಕೆ ಹೌದು ಅಂತ ಬಂದರೆ ಹಿಂದಿನದಕ್ಕೇ ಅಂಟಿಸಿ:

ತುಣುಕುಗಳು[-1] += ಬಿಡಿ

ಇಲ್ಲಾಂದರೆ ಅಪೆಂಡ್ ಮಾಡಿ, ಹೊಸ ತುಣುಕು ಶುರು. ಲಿಸ್ಟ್ ಖಾಲಿ ಇರುವಾಗ [-1] ಮುಟ್ಟಿದರೆ ಇಂಡೆಕ್ಸ್ ಎರರ್ ಬರುತ್ತೆ, ಅದನ್ನೊಂದು ಇಫ್ ಹಾಕಿ ತಡೆಯಿರಿ. ಕೊನೆಗೆ ತಿರುಗಿಸಬೇಕಾದದ್ದು ಪದವನ್ನಲ್ಲ, ಲಿಸ್ಟನ್ನು:

ತುಣುಕುಗಳು == ತುಣುಕುಗಳು[::-1]

ಚಿಹ್ನೆ ಹೌದೋ ಅಲ್ಲವೋ ತಿಳಿಯಲು ಉದ್ದ ಪಟ್ಟಿ ಬರೆಯುತ್ತಾ ಕೂರಬೇಡಿ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಕೆಟಗರಿ ಅಂತ ಫಂಕ್ಷನ್ ಇದೆ. ಅದು ಕೊಡುವ ಉತ್ತರ ದೊಡ್ಡ 'ಎಂ' ಇಂದ ಶುರುವಾದರೆ ಚಿಹ್ನೆ ಅಂತ ಅರ್ಥ.

ಸೆಮಿಕೋಲನ್ ಸ್ವಾಮಿ:

ಇಷ್ಟೆಲ್ಲ ಯಾಕೆ, ರೆಜೆಕ್ಸ್ ಅಂತ ಬೇರೆ ಲೈಬ್ರರಿ ಇದೆ, ಪಿಪ್‌ನಲ್ಲಿ ಹಾಕಿಕೊಂಡು ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್ ಕೊಟ್ಟರೆ ಅದೇ ಒಡೆದು ಕೊಡುತ್ತೆ. ಪೈಥಾನ್‌ನ ಸ್ವಂತ ಆರ್‌ಈ ಮಾಡ್ಯೂಲ್‌ನಲ್ಲಿ ಮಾತ್ರ ಇದು ನಡೆಯಲ್ಲ.

ಕೋಲನ್ ಮರೆತವಳು:

ಗುಣಿತಕ್ಕೆ ಅದು ಸಾಕು ಗುರು. ಒತ್ತಕ್ಷರ ಬಂದಾಗ ನೋಡಿಕೊಂಡು ಬಳಸಬೇಕು, 'ಸ್ತ' ಕೊಟ್ಟರೆ ಸ್ ಒಂದು, ತ ಒಂದು ಅಂತ ಎರಡು ಮಾಡಿ ಕೊಡುವುದುಂಟು. ಅಷ್ಟಕ್ಕೂ ಇದು ಕಲಿಯುವವರ ಅಭ್ಯಾಸ, ಲೂಪ್ ಬರೆದರೇ ಒಳ್ಳೇದು.

ಅರೆಬೆಂದ ಕೋಡರ್:

ಬಂತು! ವಿಕಟಕವಿ ಟ್ರೂ, ಸಮಾಸ ಟ್ರೂ, ಕುಬೇರನೂ ಟ್ರೂ. 'ನಾನು' ಫಾಲ್ಸ್. ಥ್ಯಾಂಕ್ಸ್. ಆದರೆ ಅದೇ ಫಂಕ್ಷನ್‌ಗೆ ಸುಮ್ನೆ ಬೇರೆ ಬೇರೆ ಪದ ಕೊಡುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ನಾನು ಟೈಪ್ ಮಾಡಿದ 'ಸಾಫ್ಟ್‌ವೇರ್' 4 ತುಣುಕಾಗುತ್ತೆ, ಗೆಳೆಯ ಕಳಿಸಿದ ಅದೇ ಪದ 3 ತುಣುಕಾಗುತ್ತೆ. ಕೋಡ್ ಒಂದೇ.

ಕೋಲನ್ ಮರೆತವಳು:

ಗೆಳೆಯ ಕಳಿಸಿದ್ದನ್ನು ಹತ್ತಿರದಿಂದ ನೋಡಿ, 'ಸಾಫ್ಟ್ವೇರ್' ಅಂತ ವ ಕೆಳಗೆ ಒತ್ತಾಗಿ ಕೂತಿರುತ್ತೆ. ನಿಮ್ಮದರಲ್ಲಿ ಟ್ ಆದಮೇಲೆ ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಕಣ್ಣಿಗೆ ಕಾಣದ ಒಂದು ಕೋಡ್ ಪಾಯಿಂಟ್ ಇದೆ, ಒತ್ತಾಗದಂತೆ ತಡೆಯುವುದೇ ಅದರ ಕೆಲಸ. ಲೆನ್ ಹಾಕಿದರೆ ನಿಮ್ಮದಕ್ಕೆ 11, ಅವರದಕ್ಕೆ 10 ಬರಬೇಕು. ನಿಮ್ಮ ಲೂಪ್ ಸರಿಯಾಗೇ ಇದೆ: ಆ ಕಾಣದ್ದು ಹಲಂತದ ಹಿಂದೆ ಬಂದದ್ದಕ್ಕೆ 'ಫ್ಟ್' ಜೊತೆಗೇ ಅಂಟಿಕೊಂಡಿತು, ಆಮೇಲೆ ತುಣುಕು ಹಲಂತದಲ್ಲಿ ಮುಗಿದಿಲ್ಲವಾದ್ದರಿಂದ 'ವೇ' ಬೇರೆ ಆಯಿತು. ಅದನ್ನು ರಿಪ್ಲೇಸ್ ಮಾಡಿ ತೆಗೆಯಲು ಹೋಗಬೇಡಿ, ತೆಗೆದರೆ ನಿಮ್ಮದೂ 'ಫ್ಟ್ವೇ' ಅಂತ ಒಂದೇ ಮುದ್ದೆ ಆಗುತ್ತೆ.